ಉದಾಹರಣೆಗೆ ನನ್ನ ಮದುವೆ

ಗೊತ್ತಿಲ್ಲದ್ದನ್ನು ಓದಿ ತಿಳಿದುಕೊಳ್ಳುವವರು ಲೋಕದಲ್ಲಿ ಇದ್ದಾರಂತೆ. ನಾನು ಕಂಡಿಲ್ಲ. ನಾನು ಕಂಡವರೆಲ್ಲ ಫೋನ್ ಮಾಡುವವರು. ಕುಮಟಾದ ಒಂದು ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಕೂತು, ಕಲ್ಯಾಣ ಮಂಟಪಗಳ ಬುಕಿಂಗಿಗೆಂದು ಸಾಫ್ಟ್‌ವೇರ್ ಬರೆದು, ಭಟ್ಕಳ, ಹೊನ್ನಾವರ, ಕುಮಟಾದ ಮೂರು ಮಂಟಪಗಳ ಕಂಪ್ಯೂಟರಿಗೆ ಹಾಕಿಕೊಟ್ಟೆ ನೋಡಿ, ಅಂದಿನಿಂದ ನನ್ನ ಕಿವಿ ನನ್ನದಾಗಿ ಉಳಿಯಲಿಲ್ಲ. ಸ್ನಾನಕ್ಕೆ ಹೋದರೆ ಹೊನ್ನಾವರ, ಊಟಕ್ಕೆ ಕೂತರೆ ಭಟ್ಕಳ. ಕುಮಟಾದ ಮಂಟಪ ನೋಡಿಕೊಳ್ಳುವ ಶಾಂತಕ್ಕನಂತೂ "ಚಾ ಆತಾ ತಮಾ?" ಎಂದು ಶುರುಮಾಡಿ, ಅಮ್ಮನ ಮಂಡಿನೋವು ವಿಚಾರಿಸಿ, ಫೋನ್ ಇಡುವ ಹೊತ್ತಿಗೆ "ಹಾಂ, ಇಲ್ಲಿ ತಾರೀಕು ಬರೀಲೆ ಬತ್ತಾ ಇಲ್ಲೆ" ಎನ್ನುತ್ತಿದ್ದಳು. ಅತ್ತ ಅವಳೆದುರಿಗೆ ಮಂಟಪದ ಗಿರಾಕಿ ಕಾಯುತ್ತಿರುತ್ತಿದ್ದ, ಇತ್ತ ನನ್ನ ಸಾರು ಆರುತ್ತಿತ್ತು.

ಕೊನೆಗೆ ತಲೆಕೆಟ್ಟು ಒಂದು ಸಹಾಯ ಕೈಪಿಡಿಯನ್ನೇ ಕಂಪ್ಯೂಟರಿಗೆ ಸೇರಿಸುವುದೆಂದು ತೀರ್ಮಾನಿಸಿದೆ. ಇಂಟರ್ನೆಟ್ಟಿನ ಹಂಗಿಲ್ಲ. ಸಾಫ್ಟ್‌ವೇರ್ ಕೈಕೊಟ್ಟು ಕೂತರೂ ಇದು ಬೇರೆಯಾಗಿ, ತನ್ನದೇ ಕಿಟಕಿಯಲ್ಲಿ ತೆರೆದುಕೊಂಡು ದಾರಿ ಹೇಳಬೇಕು. ಅಮ್ಮನಿಗೆ ಹೆಮ್ಮೆಯಿಂದ ವಿವರಿಸಿದೆ: "ಯಾರನ್ನೂ ಆತುಕೊಳ್ಳದೆ ಒಂಟಿಯಾಗಿ ನಿಲ್ಲುವಂಥದ್ದು." ಅಮ್ಮ ಹುರುಳಿ ಆರಿಸುತ್ತ, ತಲೆ ಎತ್ತದೆ, "ನಿನ್ನ ಹಾಂಗೇ ಹೇಳಿ ಆತು" ಅಂದಳು. ನನಗೆ ನಲವತ್ತೊಂದು, ಮದುವೆಯಾಗಿಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಬರೆಯಲು ಎರಡು ತಿಂಗಳು ಹಿಡಿಯಿತು. ಉದಾಹರಣೆ ಇಲ್ಲದಿದ್ದರೆ ಯಾರಿಗೂ ತಲೆಗೆ ಹೋಗುವುದಿಲ್ಲ, ಸರಿ. ಆದರೆ ವರನ ಜಾಗದಲ್ಲಿ ಯಾರ ಹೆಸರು ಹಾಕುವುದು? ಗಣಪತಿ ಅಂದರೆ ಈ ತಾಲೂಕಿನಲ್ಲಿ ಇನ್ನೂರು ಗಣಪತಿಗಳು "ನನ್ನ ಹೆಸರು ಎಂತಕ್ಕೆ ಹಾಕಿದ್ದು?" ಎಂದು ಫೋನ್ ಮಾಡಿಯಾರು. ಯಾರ ತಂಟೆಯೂ ಬೇಡವೆಂದು ನನ್ನದೇ ಹೆಸರು ಬರೆದೆ: ವರ, ಶ್ರೀಧರ. ವಧು, ಇನ್ನೂ ಗೊತ್ತಾಗಬೇಕಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ಮುಹೂರ್ತವಿದ್ದ ಒಂದು ದಿನ ಆರಿಸಿ, ಕೆಳಗೆ, "ಈಗ ನೀವೂ ಹೀಗೆಯೇ ಟೈಪ್ ಮಾಡಿ, ಉಳಿಸಿ" ಎಂದೂ ಸೇರಿಸಿದೆ.

ಕರಡನ್ನು ಶಾಂತಕ್ಕನಿಗೆ ತೋರಿಸಿದೆ. ಎಲ್ಲ ಓದಿದಳು, 'ಮದುವೆಯನ್ನು ರದ್ದು ಮಾಡುವುದು' ಎಂಬ ಅಧ್ಯಾಯ ಬಂದದ್ದೇ ಕನ್ನಡಕ ತೆಗೆದಳು. "ಎಂತಾ ಇದು? ಮದ್ವೆ ಆಪ ಜಾಗದಲ್ಲಿ ಇಂಥ ಮಾತಾ? ತೆಗಿ ಮೊದ್ಲು!" ಹೊರಡುವಾಗ 'ಹೋಗುತ್ತೇನೆ' ಅನ್ನದೆ 'ಬರುತ್ತೇನೆ' ಅನ್ನುವ ಜನ ನಾವು. ವಾದಿಸಿ ಪ್ರಯೋಜನವಿರಲಿಲ್ಲ. ಅಧ್ಯಾಯ ಕಿತ್ತುಹಾಕಿ ಮೂರೂ ಕಡೆ ಕೈಪಿಡಿ ಸೇರಿಸಿ ಬಂದೆ.

ಫೋನ್ ನಿಂತಿತು. ಮೂರು ವಾರ ಬಿಸಿ ಸಾರು ಉಂಡೆ. ನಾಲ್ಕನೆಯ ವಾರ ಶಾಂತಕ್ಕನ ಫೋನ್, ಚಾ ಆಯಿತಾ ಎಂದೂ ಕೇಳಲಿಲ್ಲ.

"ತಮಾ, ನಿನ್ನ ಮದ್ವೆ ಒಂದಿನ ಆಚೆ-ಈಚೆ ಮಾಡ್ಲಾಗ್ತಾ? ಇಲ್ಲೊಬ್ಬ ಕಣ್ಣೀರು ಹಾಕ್ತಾ ಕೂತಿದ್ದ."

ಸ್ಕೂಟರ್ ಹತ್ತಿ ಮಂಟಪಕ್ಕೆ ಓಡಿದೆ. ಹೊಳನಗದ್ದೆಯಲ್ಲಿ ತರಕಾರಿ ಬೆಳೆಯುವ ಮಾದೇವಣ್ಣ, ಜೊತೆಗೆ ಮಗಳು ನಾಗವೇಣಿ. ಅವಳಿಗೆ ಗೊತ್ತಾದ ಹುಡುಗ ಹಡಗಿನಲ್ಲಿ ಕೆಲಸಕ್ಕಿರುವವನು. ರಜೆಯಲ್ಲಿ ಮುಹೂರ್ತ ಕೂಡಿಬಂದದ್ದು ಅದೊಂದೇ ದಿನ, ಅದು ತಪ್ಪಿದರೆ ಮತ್ತೆ ಒಂಬತ್ತು ತಿಂಗಳು ನೀರಿನ ಮೇಲೆ. ಊರಿನ ಬೇರೆ ಮಂಟಪಗಳೆಲ್ಲ ತುಂಬಿದ್ದವು. ಇಲ್ಲಿ ನೋಡಿದರೆ ಆ ದಿನದ ಮೇಲೆ ನಾನು ಕೂತಿದ್ದೇನೆ! ಕೈಪಿಡಿ ಹೇಳಿದಂತೆ ಶಾಂತಕ್ಕ ಟೈಪ್ ಮಾಡಿ ಉಳಿಸಿದ್ದಳು.

"ವಧು ಯಾರೆಂದೇ ಇಲ್ಲ, ನಿನಗೆ ಅನುಮಾನ ಬರಲಿಲ್ಲವಾ?" ಎಂದು ರೇಗಿದೆ.

"ಎಂತಕ್ಕೆ ಬರವು? ಈಗ ಎಲ್ಲಾ ಮೊದ್ಲು ಹಾಲ್ ಬುಕ್ ಮಾಡ್ತ, ಆಮೇಲೆ ಮದ್ವೆಗೆ ಕೂಸು ಹುಡುಕ್ತ."

ಅದು ನಿಜವೇ ಆಗಿತ್ತು. ಅಷ್ಟರಲ್ಲಿ ಮಾದೇವಣ್ಣ ಎದ್ದು ನಿಂತು ಕೈಮುಗಿದರು. "ಬ್ಯಾಡ ಸಾರ್. ನಿಮ್ಮ ಮದುವೆ ತಪ್ಸಿ ನನ್ನ ಮಗಳ ಮದುವೆ ಮಾಡೂದಾ? ಪಾಪ ಬತ್ತದೆ." ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಇಲ್ಲದ ಮದುವೆಗೆ ಆ ಮನುಷ್ಯ ಕೈಮುಗಿಯುತ್ತಿದ್ದರು. ನಾಗವೇಣಿ ಮಾತ್ರ ಪರದೆ ಓದಿ, "ಹುಡುಗಿನೇ ಇಲ್ಲ ಅಪ್ಪಾ, ಪಾಪ ಯಾರದು ಬತ್ತದೆ?" ಅಂದಳು. ಹಡಗಿನವನು ಪುಣ್ಯವಂತ.

ಅಳಿಸಿಬಿಡೋಣವೆಂದು ಮೌಸ್ ಹಿಡಿದರೆ ಶಾಂತಕ್ಕ ನನ್ನ ಕೈಯನ್ನೇ ಹಿಡಿದಳು. "ಬರೆದ ಮದ್ವೆ ಅಳಿಸಲಾಗ! ನಲವತ್ತೊಂದಾತು, ಇನ್ನೂ ಅಪಶಕುನ ಬೇಕಾ ನಿಂಗೆ? ಮುಂದೆ ಹಾಕು ಬೇಕಾರೆ." ಸೊನ್ನೆಗೆ ಎಂಥ ಅಪಶಕುನ ಎಂದು ಕೇಳಬೇಕೆಂದಿದ್ದೆ. ಮಾದೇವಣ್ಣನವರ ಮುಖ ನೋಡಿ ತಾರೀಕು ಬದಲಿಸಿದೆ. ನನ್ನ ಮದುವೆ ಮುಂದಿನ ವೈಶಾಖಕ್ಕೆ ಹೋಯಿತು, ನಾಗವೇಣಿಗೆ ದಿನ ಸಿಕ್ಕಿತು. ಆ ಮದುವೆಯಲ್ಲಿ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಜಾಗ ಬಿಟ್ಟುಕೊಟ್ಟ ವರನೆಂದು ಅರ್ಧ ಊರು ಬಂದು ನೋಡಿತು.

ಉಳಿದೆರಡು ಮಂಟಪಗಳಲ್ಲೂ ಅದೇ ದಿನ, ಅದೇ ವರ ಎಂದು ಆಮೇಲೆ ತಿಳಿಯಿತು. ಹೊನ್ನಾವರದವರು ಅಳಿಸಲು ಒಪ್ಪಲಿಲ್ಲ. ಭಟ್ಕಳದ ಮ್ಯಾನೇಜರ್ ಸಾಹೇಬರು ಮೊದಲು "ಮುಬಾರಕ್" ಅಂದರು, ಅಳಿಸಿ ಎಂದದ್ದಕ್ಕೆ, "ತೋಬಾ! ಶಾದಿ ಅಳ್ಸೂದಾ? ಮುಂದೆ ಹಾಕ್ವಾ" ಅಂದರು. ಸುದ್ದಿ ಅಮ್ಮನಿಗೂ ಮುಟ್ಟಿತು. ಮೂರು ಮಂಟಪ ಹಿಡಿದಿಟ್ಟ ಮಗ ಒಂದು ಹುಡುಗಿಯನ್ನು ನೋಡಲೂ ಬರುವುದಿಲ್ಲವೆಂದು ಅವಳು ಎರಡು ದಿನ ಮಾತು ಬಿಟ್ಟಳು.

ಕೈಪಿಡಿಗೆ 'ಮದುವೆಯನ್ನು ಮುಂದೂಡುವುದು' ಎಂಬ ಹೊಸ ಅಧ್ಯಾಯ ಸೇರಿಸಿದೆ. ಒಂದೇ ಕೂತಲ್ಲಿ ಬರೆದೆ, ಇಪ್ಪತ್ತು ವರ್ಷದ ಅಭ್ಯಾಸ ನನಗೆ. ಆಮೇಲೆ ಬಿಸಿ ಸಾರಿನ ಯೋಗವೂ ಮುಗಿಯಿತು. ಉಳಿದ ಎಲ್ಲದಕ್ಕೂ ಈಗಲೂ ಫೋನ್ ಬರುತ್ತದೆ. ಆ ಒಂದು ಕೆಲಸಕ್ಕೆ ಮಾತ್ರ ಮೂರು ಊರಿನಿಂದಲೂ ಯಾರೂ ಫೋನ್ ಮಾಡುವುದಿಲ್ಲ. ನನ್ನ ಮದುವೆ ಮುಂದೂಡಿ ಮುಂದೂಡಿ ಅವರಿಗೆ ಕೈ ಕೂತುಬಿಟ್ಟಿದೆ.