ಮೊದಲ ಮಾಸ್ತರು ಕುಂಡ್ರಲಿ

ಕೊಟ್ರಪ್ಪ ಮಾಸ್ತರರು ಅಂದು ಬಾಯಿ ಮುಚ್ಚಿಕೊಂಡಿದ್ದರೆ ಇದೇನೂ ಆಗುತ್ತಿರಲಿಲ್ಲ. 'ಮಕ್ಕಳಿಗೆ ಹಲ್ಲಿನ ಡಾಕ್ಟರರ ಭಯ ಬಿಡಿಸುವುದು ಹೇಗೆ' ಎಂದು ಗದಗಿನಲ್ಲಿ ತರಬೇತಿ ಇತ್ತು. ಮೂರು ತಾಸಿನ ಪಾಠದಲ್ಲಿ ಎರಡು ತಾಸು ತೂಕಡಿಸಿ, ಚಹಾ ಕುಡಿದ ಹುರುಪಿನಲ್ಲಿ ಎದ್ದು ನಿಂತು, "ನಮ್ಮ ಶಾಲ್ಯಾಗ ಯಾವ ಹುಡುಗ್ರಿಗೂ ಅಂಜಿಕಿ ಇಲ್ರಿ, ನಾ ಎಲ್ಲಾ ಬಿಡಿಸೇನಿ" ಎಂದುಬಿಟ್ಟರು. ಶಿಕ್ಷಣ ಇಲಾಖೆಯ ಸಾಹೇಬರು ಖುಷಿಯಾಗಿ ಮೊದಲ ದಂತ ಶಿಬಿರವನ್ನು ಅವರ ಶಾಲೆಗೇ ಹಾಕಿದರು.

ಹುಡುಗರ ಮಾತಿರಲಿ, ಅಂಜಿಕೆ ಇದ್ದದ್ದು ಮಾಸ್ತರರಿಗೆ. ಎಡಗಡೆಯ ದವಡೆ ಹಲ್ಲೊಂದು ಮೂರು ವರ್ಷದಿಂದ ಹುಳುಕು ಹಿಡಿದು ಜೀವ ತಿನ್ನುತ್ತಿತ್ತು. ಲವಂಗ ಕಚ್ಚಿಕೊಂಡು, ಬಲಗಡೆ ಅಗಿದು, ಹೆಂಡತಿಗೂ ಹೇಳದೆ ದಿನ ನೂಕುತ್ತಿದ್ದರು.

ಶಿಬಿರದ ದಿನ ಬಿಸಿಯೂಟದ ಸಾವಂತ್ರೆವ್ವ ಅನ್ನಕ್ಕೆ ನೀರಿಡುತ್ತಲೇ ಹುಡುಗರಿಗೆ ಧೈರ್ಯ ಹೇಳಿದಳು. "ಅಂಜಬ್ಯಾಡ್ರಿ. ನಮ್ಮ ಮನಿಯವ್ರಿಗೆ ಹಲ್ಲು ಕೀಳಾಗ ನಾಕು ಮಂದಿ ಹಿಡದಿದ್ರು, ಅಷ್ಟ. ಹಲ್ಲಿನ ಸಂಗಾಟ ಜೀವಾನೂ ಬಂತು ಅಂತ ಮಾಡಿದ್ವಿ, ಬರಲಿಲ್ಲ ನೋಡ್ರಿ!"

ಡಾಕ್ಟರ್ ಮಮತಾ ಗಾಡಿಯಿಂದ ಇಳಿಯುವ ಹೊತ್ತಿಗೆ ನಲವತ್ತೆರಡು ಬಾಯಿಗಳಿಗೂ ಬೀಗ ಬಿದ್ದಿತ್ತು. ಇಬ್ಬರು ಬೇವಿನ ಮರ ಏರಿದ್ದರು. ಮಾಸ್ತರರಿಗೆ ಮಾನ ಹೋಗುವ ಹೊತ್ತು. ತರಬೇತಿಯಲ್ಲಿ ಎಚ್ಚರವಿದ್ದಾಗ ಕೇಳಿದ್ದು ನೆನಪಾಯಿತು: ಮೊದಲು ಹೇಳಬೇಕು, ಆಮೇಲೆ ತೋರಿಸಬೇಕು, ಕಡೆಗೆ ಮಾಡಬೇಕು.

"ಏನೂ ಆಗಂಗಿಲ್ಲ, ಬರೇ ಕನ್ನಡಿ ಹಿಡಿದು ನೋಡ್ತಾರ" ಎಂದರು.

ಮೂರನೇ ತರಗತಿಯ ಸುಶ್ಮಿತಾ ಬಾಯಿಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ. "ಹಂಗಾರ ಮೊದಲ ನೀವ ಕುಂಡ್ರಿ ಸರ್."

ಸಾವಂತ್ರೆವ್ವ ಸೌಟು ಹಿಡಿದೇ ಓಡಿ ಬಂದಳು. "ಖರೇ ಐತ್ರಿ ಸರ್, ಕುಂಡ್ರಿ. ನಾ ವಿಡಿಯೋ ಹಿಡಿತೀನಿ."

ಮಾಸ್ತರರು ಕುರ್ಚಿಯಲ್ಲಿ ಕೂತು ಅರ್ಧ ಬಾಯಿ ತೆರೆದರು. ಮಮತಾ ಪೂರಾ ತೆರೆಸಿ, ಕನ್ನಡಿಯ ಹಿಡಿಕೆಯಿಂದ ಒಂದೊಂದೇ ಹಲ್ಲು ತಟ್ಟುತ್ತ ಹೋದರು. ಎಡ ದವಡೆಗೆ ಬಂದದ್ದೇ ತಡ, "ಯವ್ವಾ, ಸತ್ತೆ!" ಎಂದು ಮಾಸ್ತರರು ಒದರಿದ ಒದರಿಗೆ ಮರದ ಕಾಗೆಗಳು ಹಾರಿದವು, ಮರ ಏರಿದ್ದವರು ಏನಾಯಿತೆಂದು ನೋಡಲು ಇಳಿದು ಬಂದರು.

ಮೊದಲು ಸುಶ್ಮಿತಾ ನಕ್ಕಳು. ಅವಳ ಹಿಂದೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಿಗಳು ತಾವಾಗಿಯೇ ತೆರೆದದ್ದರಿಂದ ಡಾಕ್ಟರರ ಅರ್ಧ ಕೆಲಸ ಮುಗಿದಿತ್ತು. "ಸರ್‌ಗಿಂತ ನಾ ಗಟ್ಟಿ ಅದೀನಿ" ಎಂದು ಜಿದ್ದಿಗೆ ಬಿದ್ದು ಒಬ್ಬೊಬ್ಬರೇ ಕುರ್ಚಿ ಏರಿದರು. ಒಬ್ಬರೂ ಅಳಲಿಲ್ಲ.

ಇದನ್ನು ನೋಡಿ ಮಾಸ್ತರರಿಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ, ಮೂರು ವರ್ಷದಲ್ಲಿ ಮೊದಲ ಸಲ, ಧೈರ್ಯವೂ ಬಂತು. ತಾವಾಗಿಯೇ ಹೋಗಿ ಕೂತು, "ಕಿತ್ತುಬಿಡ್ರಿ ಮೇಡಮ್, ಈಗಿಂದೀಗ" ಎಂದರು. ಮಮತಾ ಸೂಜಿ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಸಾಹೇಬರ ಫೋನು, ಪಕ್ಕದವರಿಗೂ ಕೇಳುವಷ್ಟು ದೊಡ್ಡ ದನಿ. ಸಾವಂತ್ರೆವ್ವನ ವಿಡಿಯೋ ಆಗಲೇ ಅವರಿಗೆ ಮುಟ್ಟಿತ್ತು.

"ಮಾಸ್ತರ, ಭಾಳ ಚಲೋ ಮಾಡೀರಿ! ನಾಳೆ ಲಕ್ಷ್ಮೇಶ್ವರ, ಮುಂದ ಶಿರಹಟ್ಟಿ, ಆಮ್ಯಾಲ ಮುಂಡರಗಿ. ಹದಿನಾರು ಶಾಲಿ ಅದಾವು. ಎಲ್ಲಾ ಕಡೆ ಮೊದಲ ನೀವ ಕುಂಡ್ರಬೇಕು, ಹಿಂಗ ಒದರಬೇಕು. ಆದೇಶ ಬರಸೀನಿ."

"ಆತ್ರಿ ಸಾಹೇಬ್ರ" ಎಂದರು ಮಾಸ್ತರರು, ಕೆನ್ನೆ ಹಿಡಿದುಕೊಂಡು. "ಈ ಹಲ್ಲೊಂದು ಕೀಳಿಸಿಕೊಂಡು ಬರ್ತೀನ್ರಿ."

"ಏ, ಹಂಗ ಮಾಡಬ್ಯಾಡ್ರಿ ಮತ್ತ! ಹದಿನಾರೂ ಶಾಲಿ ಮುಗಿಯೂತನಕ ಆ ಹಲ್ಲು ಯಾರೂ ಮುಟ್ಟಂಗಿಲ್ಲ. ಆದೇಶದಾಗ ಅದನ್ನೂ ಬರಸೀನಿ."

ಮಮತಾ ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು.