ಸೊನ್ನೆ ಅಂಕದ ಅಮಾತೆಪ್ಪನನ್ನು ಸುಧಾರಿಸಿದ ನಡಾವಳಿ

‘ಕುಡದವ್ರ ಜೋಡಿ ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಬ್ಯಾಡ’ ಎಂದು ನಮ್ಮ ಅಜ್ಜಿ ದೇವಕ್ಕ ಹೇಳುತ್ತಿದ್ದಳು. ಐದೇ ಏಕೆ, ಆರಾದರೆ ಏನಾಗುತ್ತದೆ ಎಂದು ಬಾಲ್ಯದಲ್ಲಿ ಕೇಳಿದಾಗ ಉತ್ತರ ಸಿಕ್ಕಿರಲಿಲ್ಲ. ಯಾದಗಿರಿಯ ಅಲ್ಪಾವಧಿ ಸಮಾಲೋಚನಾ ಕೇಂದ್ರದಲ್ಲಿ ನಡಾವಳಿ ಬರೆಯುವ ಕೆಲಸಕ್ಕೆ ಸೇರಿದ ಮೇಲೆ ಸಿಕ್ಕಿತು: ಆರನೆಯ ನಿಮಿಷಕ್ಕೆ ನಮೂನೆಯಲ್ಲಿ ಜಾಗವಿಲ್ಲ.

ಮದ್ಯ ಅಥವಾ ಗಾಂಜಾ ಸೇವಿಸುವವರನ್ನು ಬೈಯದೆ, ಹೆದರಿಸದೆ, ಕೆಲವು ಪ್ರಶ್ನೆ ಕೇಳಿ, ಬಂದ ಅಂಕವನ್ನು (ಕುಡಿತ ಹೆಚ್ಚಿದಷ್ಟೂ ಅಂಕ ಹೆಚ್ಚು) ಅವರ ಮುಂದಿಟ್ಟು, ಐದು ನಿಮಿಷ ಆತ್ಮೀಯವಾಗಿ ಮಾತನಾಡಿದರೆ ಹಲವರು ತಾವಾಗಿಯೇ ಕಡಿಮೆ ಮಾಡುತ್ತಾರೆ ಎಂಬುದು ಬಲ್ಲವರು ಕಂಡುಕೊಂಡ ಸಂಗತಿ. ಕೇಂದ್ರವು ಇದನ್ನು ಅಕ್ಷರಶಃ ಪಾಲಿಸುತ್ತದೆ. ಐದು ನಿಮಿಷಕ್ಕೆ ಮೊದಲು ಏಳು ನಮೂನೆಗಳನ್ನು ತುಂಬಲು ಎರಡೂವರೆ ತಾಸು ಹಿಡಿಯುತ್ತದೆ. ಐದನೆಯ ನಿಮಿಷ ಮುಗಿದೊಡನೆ ಮೇಜಿನ ಮೇಲಿನ ಗಂಟೆ ಬಾರಿಸಲಾಗುತ್ತದೆ. ಆಗ ಯಾರ ಬಾಯಲ್ಲಿ ಯಾವ ವಾಕ್ಯವಿದ್ದರೂ ಅಲ್ಲಿಯೇ ಬಿಡತಕ್ಕದ್ದು. ದೇವಾಪುರದ ಒಬ್ಬರು ‘ನಾ ಯಾಕ ಕುಡಿಯಾಕ ಶುರು ಮಾಡಿದೆ ಅಂದ್ರ’ ಎಂಬಲ್ಲಿ ಎದ್ದು ಹೋದರು. ಉಳಿದರ್ಧವನ್ನು ಮೂರು ತಿಂಗಳ ನಂತರದ ಭೇಟಿಗೆ ಕಾಯ್ದಿರಿಸಲಾಗಿದೆ. ಕಕ್ಕೇರಾದ ಹಿರಿಯರೊಬ್ಬರು ತಾವು ಸೇದುವುದು ಗಾಂಜಾ ಅಲ್ಲ, ಗುರುವಿನ ಪ್ರಸಾದ ಎಂದು ಸ್ಪಷ್ಟಪಡಿಸಿದ್ದರಿಂದ, ಪ್ರಸಾದಕ್ಕೆ ಕಾಲಂ ಇಲ್ಲದ ಕಾರಣ ಅವರನ್ನು ‘ಸಸ್ಯಾಹಾರಿ’ ಎಂದು ದಾಖಲಿಸಲಾಗಿದೆ.

ಕೇಂದ್ರದ ಕೆಲಸ ಹೀಗೆ ಸುಗಮವಾಗಿ ಸಾಗುತ್ತಿರಲು, ಒಂದು ಶನಿವಾರ ಕಡೇಚೂರಿನ ಅಮಾತೆಪ್ಪ ಮತ್ತು ಅವರ ಪತ್ನಿ ಕರೆಮ್ಮ ಬಂದರು. ನಾಲ್ಕು ತಿಂಗಳ ಹಿಂದೆ, ಕುಡಿದು ಪಾಳಿಗೆ ಬಂದನೆಂದು, ಅಲ್ಲಿನ ಕಾರ್ಖಾನೆಯೊಂದರ ಗುತ್ತಿಗೆದಾರ ಅಮಾತೆಪ್ಪನನ್ನು ಗೇಟಿನ ಹೊರಗೆ ಹಾಕಿದ್ದ. ಈಗ ಸೋಮವಾರದೊಳಗೆ ಕೇಂದ್ರದ ‘ಸುಧಾರಣಾ ಪತ್ರ’ ತಂದರೆ ಮಾತ್ರ ಒಳಗೆ, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರು. ಹೀಗೆಂದು ಕರೆಮ್ಮ ಮೂರು ಬಾರಿ ಹೇಳಿದಳು. ಮೂರು ನಮೂನೆಗಳಲ್ಲಿ ಬರೆದುಕೊಳ್ಳಲಾಯಿತು.

ಸಮಾಲೋಚಕಿ ಸಪ್ನಾ ಪ್ರಶ್ನೆಗಳನ್ನು ಓದಿದಳು. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಕುಡಿದಿರಿ?

“ಒಮ್ಮಿನೂ ಇಲ್ರಿ ಅಕ್ಕಾರ.”

ಎಲ್ಲ ಪ್ರಶ್ನೆಗಳಿಗೂ ಇದೇ ಉತ್ತರ. ಅಂಕ ಸೊನ್ನೆ ಬಂತು. ಸಪ್ನಾಳ ಮುಖ ಅರಳಿತು; ಮೇಲ್ವಿಚಾರಕ ಪ್ರವೀಣಕುಮಾರರ ಮುಖ ಬಾಡಿತು. ಸುಧಾರಣಾ ಪತ್ರಕ್ಕೆ ಮೊದಲ ಅಂಕಕ್ಕೂ ಕಡೆಯ ಅಂಕಕ್ಕೂ ಕನಿಷ್ಠ ಎಂಟರ ಇಳಿಕೆ ಇರಬೇಕೆಂಬುದು ನಿಯಮ. ಸೊನ್ನೆಯಿಂದ ಎಂಟು ಇಳಿಯಲು ಅಮಾತೆಪ್ಪನಿಗೆ ದಾರಿಯಿರಲಿಲ್ಲ.

“ಸಾಹೇಬ್ರ, ಬಿಟ್ಟಾರ ಅಂತ ಬರದು ಕೊಡ್ರಿ. ಖರೇನ ಬಿಟ್ಟಾರ” ಎಂದಳು ಕರೆಮ್ಮ.

“ಬಿಟ್ಟಾರ ಅನ್ನೋ ಕಾಲಂ ಇಲ್ಲಮ್ಮ. ನಾವು ಬಿಡಿಸೇವಿ ಅನ್ನೋದು ಐತಿ. ನಾವು ಬಿಡಿಸಿಲ್ಲ. ಮತ್ತ್ಯಾರು ಬಿಡಿಸಿದ್ರು?”

“ಖಾಜಾ ಚಾಚಾ” ಎಂದ ಅಮಾತೆಪ್ಪ.

ಕಾರ್ಖಾನೆಯ ಗೇಟಿನೆದುರು ಚಹಾ ಮಾರುವ ಖಾಜಾಹುಸೇನ ಎಂಬವರು ಅನುಮತಿಯಿಲ್ಲದೆ ಸಮಾಲೋಚನೆ ನಡೆಸುತ್ತಿರುವ ವಿಷಯ ಹೀಗೆ ಬೆಳಕಿಗೆ ಬಂತು. ಅವರಿಗೆ ಫೋನಿನಲ್ಲಿಯೇ ನೋಟಿಸು ಓದಿ ಹೇಳಲಾಯಿತು. ಮಧ್ಯಾಹ್ನದ ಬಸ್ಸಿಗೆ ಅವರು ಚಹಾದ ಥರ್ಮಾಸ್ ಸಮೇತ ಹಾಜರಾದರು. ಕೂಡಲೇ ವಿಶೇಷ ಸಭೆ ಸೇರಿತು.

“ಇವರಿಗೆ ಏನು ಉಪದೇಶ ಮಾಡಿದ್ರಿ?” ಮೇಲ್ವಿಚಾರಕರು ಕೇಳಿದರು.

“ಉಪದೇಶ ಎಲ್ಲಿದ್ರಿ! ದಿನಾ ಮುಂಜಾನಿ ಚಾ ಕುಡಿಯಾಕ ಬರ್ತಿದ್ದ. ‘ನಿನ್ನಿ ಎಷ್ಟಾತೋ ಅಮಾತೆಪ್ಪ?’ ಅಂತಿದ್ದೆ. ಅಷ್ಟ.”

“ಬೈಯಲಿಲ್ಲೇನು?”

“ಬೈಯಾಕ ಕರೆಮ್ಮ ಅದಾಳಲ್ರಿ ಮನಿಯಾಗ.”

“ನಾ ಹನ್ನೆರಡು ವರ್ಷ ಬೈದೀನ್ರಿ” ಎಂದು ಕರೆಮ್ಮ ದೃಢೀಕರಿಸಿದಳು.

ಅಮಾತೆಪ್ಪ ತಲೆ ಕೆರೆದುಕೊಂಡ. “ಮೊದಲ ಸುಳ್ಳು ಹೇಳ್ತಿದ್ದೆರಿ. ಆಮ್ಯಾಲ ಸುಳ್ಳಿಗೆ ನಾಚಿಕಿ ಬಂತು. ಖರೇ ಹೇಳಿದೆ. ಆಮ್ಯಾಲ ಖರೇಕ್ಕೂ ನಾಚಿಕಿ ಬಂತು. ಒಂದು ದಿನ ‘ಇಲ್ಲ ಚಾಚಾ’ ಅನ್ನಬೇಕು ಅನಿಸ್ತು, ಅಂದೆ. ಮರುದಿನಾನೂ ಅನ್ನಬೇಕು ಅನಿಸ್ತು.”

ಸಪ್ನಾ ಬರೆಯುತ್ತಿದ್ದ ಪೆನ್ನು ನಿಂತಿತು. ತರಬೇತಿಯಲ್ಲಿ ಇದನ್ನೇ ತನಗೆ ನಾಲ್ಕು ದಿನ ಕಲಿಸಿದ್ದರೆಂದು ಅವಳು ಮೆಲ್ಲಗೆ ಹೇಳಿದಳು. ಆ ಮಾತನ್ನು ಕಡತದಿಂದ ತೆಗೆಯಲಾಯಿತು.

“ಈ ಮಾತುಕತೆ ಎಷ್ಟು ನಿಮಿಷ ನಡೀತಿತ್ತು?”

“ಚಾ ಕುದಿಯೋ ತನಕ ರೀ.”

ಚಹಾ ಕುದಿಯಲು ಏಳು ನಿಮಿಷ ಬೇಕೆಂದು ಖಾಜಾಹುಸೇನರೇ ಒಪ್ಪಿಕೊಂಡರು. ಎರಡು ನಿಮಿಷದ ಅತಿಕ್ರಮಣ ಸಾಬೀತಾಗಿ, ಅವರ ಸಮಾಲೋಚನೆ ಅಸಿಂಧುವಾಯಿತು. ಅದರಿಂದಾದ ಸುಧಾರಣೆಯೂ ಅಸಿಂಧುವಾಯಿತು.

ಆದರೂ ಮೇಲ್ವಿಚಾರಕರು ನಿರ್ದಯಿಗಳಲ್ಲ. ಬಹಳ ಹೊತ್ತು ಯೋಚಿಸಿ ಮಾರ್ಗವೊಂದನ್ನು ಸೂಚಿಸಿದರು: ಅಮಾತೆಪ್ಪನು ಅಂದು ಮತ್ತು ಮರುದಿನ, ಎಂಟು ಅಂಕ ಬರುವಷ್ಟು ಕುಡಿಯತಕ್ಕದ್ದು. ಸೋಮವಾರ ಬೆಳಿಗ್ಗೆ ಆ ಅಂಕ ದಾಖಲಿಸಿ, ಐದು ನಿಮಿಷ ಮಾತನಾಡಿ, ಗಂಟೆ ಬಾರಿಸಿ, ಕೇಂದ್ರದ ವತಿಯಿಂದ ಬಿಡಿಸಲಾಗುವುದು.

ಅಮಾತೆಪ್ಪ ಹೆಂಡತಿಯ ಮುಖ ನೋಡಿದ.

“ಒಮ್ಮಿ ಬಾಯಿಗಿಟ್ಟರ ಸೋಮವಾರಕ್ಕ ನಿಲ್ಲಂಗಿಲ್ಲ ಕರೆಮ್ಮ. ನಂಗ ನಾ ಗೊತ್ತದೀನಿ.”

ಕರೆಮ್ಮ ಗೋಡೆಯತ್ತ ನೋಡಿದಳು. ಬೆಳಗಿನಿಂದ ಎರಡೂವರೆ ತಾಸು ಅವಳು ಕುಳಿತಿದ್ದ ಬೆಂಚಿನ ಎದುರಿಗೆ, ಗೋಡೆಯ ಮೇಲೆ ‘ಭರ್ತಿ ಮಾಡಿದ ಮಾದರಿ ನಮೂನೆ’ ಎಂಬ ಹಾಳೆಯಿತ್ತು. ಕೇಂದ್ರ ಆರಂಭವಾದಾಗ, ಜನರಿಗೆ ತಿಳಿಯಲೆಂದು, ಮೇಲ್ವಿಚಾರಕರೇ ಎಲ್ಲ ಪ್ರಶ್ನೆಗಳಿಗೂ ಪ್ರಾಮಾಣಿಕವಾಗಿ ಉತ್ತರ ಬರೆದಿದ್ದರು. ಹೆಸರಿನ ಮೇಲೆ ಅಂಟಿಸಿದ್ದ ಬಿಳಿ ಕಾಗದ ಯಾದಗಿರಿಯ ಬಿಸಿಲಿಗೆ ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಅಂಕ: ಹತ್ತೊಂಬತ್ತು. ಬೆಳಿಗ್ಗೆ ಕರೆಮ್ಮ ಕೇಳಿದಾಗ ಅದನ್ನು ನಾನೇ ಓದಿ ಹೇಳಿದ್ದೆ.

“ಸಾಹೇಬ್ರ,” ಎಂದಳು ಕರೆಮ್ಮ, “ಇವರದು ಸೊನ್ನಿ ಐತಿ. ಗ್ವಾಡಿ ಮ್ಯಾಲ ನಿಮ್ಮದು ಹತ್ತೊಂಬತ್ತು ಐತಿ. ಮೊದಲಿಂದು ನಿಮ್ಮದು ಬರೀರಿ, ಕಡೀದು ಇವರದು ಬರೀರಿ. ಹತ್ತೊಂಬತ್ತು ಇಳೀತೋ ಇಲ್ರಿ?”

ನಿಯಮಾವಳಿಯನ್ನು ತಿರುವಲಾಯಿತು. ಎರಡೂ ಅಂಕಗಳು ಒಂದೇ ಕೇಂದ್ರದಲ್ಲಿ ದಾಖಲಾಗಿರಬೇಕು ಎಂದಿತ್ತು. ಒಬ್ಬರವೇ ಆಗಿರಬೇಕು ಎಂದು ಎಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ಖಾಜಾಹುಸೇನರು ಥರ್ಮಾಸ್ ತೆರೆದು ಎಲ್ಲರಿಗೂ ಚಹಾ ಹಂಚುತ್ತ ಬಂದರು. ಮೇಲ್ವಿಚಾರಕರಿಗೆ ಕಪ್ಪು ಕೊಡುವಾಗ, ಅಭ್ಯಾಸಬಲದಿಂದ, ಕೇಳಿಬಿಟ್ಟರು:

“ನಿನ್ನಿ ಎಷ್ಟಾತ್ರಿ ಸಾಹೇಬ್ರ?”

ಪ್ರವೀಣಕುಮಾರರು ಕಪ್ಪು ಹಿಡಿದು ಕುಳಿತೇ ಇದ್ದರು. “ಹೆಚ್ಚೇನಿಲ್ಲ” ಎಂದರು. ಖಾಜಾಹುಸೇನರು ಮುಂದಕ್ಕೆ ಹೋಗಲಿಲ್ಲ. “ಮೂರು ಕ್ವಾರ್ಟರ್” ಎಂದರು ಪ್ರವೀಣಕುಮಾರರು, ಮೇಜಿಗೆ ಹೇಳುವಂತೆ. ಅವರ ಕಣ್ಣು ತೇವವಾಗಿತ್ತು. ಸಪ್ನಾ ಗಂಟೆಯ ಮೇಲೆ ಅಂಗೈ ಇಟ್ಟಳು, ಬಾರಿಸಲೆಂದಲ್ಲ.

ಆದರೆ ಕೇಂದ್ರದ ಹಿತ ದೊಡ್ಡದು. ಕುಡಿತ ಬಿಟ್ಟ ಇನ್ನೂ ಹದಿನಾಲ್ಕು ಜನರ ಅರ್ಜಿಗಳು, ಮೊದಲ ಅಂಕವಿಲ್ಲದೆ, ಇದೇ ಕಪಾಟಿನಲ್ಲಿ ಕಾದಿವೆ ಎಂಬುದು ಮೇಲ್ವಿಚಾರಕರಿಗೆ ನೆನಪಾಯಿತು. ಅವರು ಕಣ್ಣೊರೆಸಿಕೊಂಡು ಎದ್ದು ನಿಂತು, ಹಾಜರಿದ್ದ ಎಲ್ಲರಿಗೂ ಕೇಳುವಂತೆ ನಿರ್ಣಯವನ್ನು ಓದಿದರು:

“ಅಮಾತೆಪ್ಪ ಅವರಿಗೆ ಹತ್ತೊಂಬತ್ತು ಅಂಕಗಳ ಸುಧಾರಣಾ ಪತ್ರವನ್ನು ಇಂದೇ ನೀಡತಕ್ಕದ್ದು. ಮುಂದಿನ ಅರ್ಜಿದಾರರ ಅನುಕೂಲಕ್ಕಾಗಿ ಮೇಲ್ವಿಚಾರಕರು ತಮ್ಮ ಅಂಕವನ್ನು ಹತ್ತೊಂಬತ್ತಕ್ಕಿಂತ ಕೆಳಗೆ ಇಳಿಯದಂತೆ ಕಾಯ್ದುಕೊಳ್ಳತಕ್ಕದ್ದು. ಖಾಜಾಹುಸೇನ ಅವರು ಮೇಲ್ವಿಚಾರಕರಿಗೆ ಚಹಾ ಕೊಡಬಹುದು, ಪ್ರಶ್ನೆ ಕೇಳತಕ್ಕದ್ದಲ್ಲ.”

ಎಲ್ಲರೂ ಸಹಿ ಮಾಡಿದರು. ಕರೆಮ್ಮ ಹೆಬ್ಬೆಟ್ಟು ಒತ್ತಿದಳು.