ಅಡುಗೆಮನೆಯಲ್ಲಿ ಮಾಸೆಯೊ

ಫರ್ಮಿನ್ ಹುಟ್ಟಾ ಪುಕ್ಕಲ. ನಾಯಿ ಬೊಗಳಿದರೆ ಹೆದರಿ ನಡುಗುತ್ತಿದ್ದ, ಬೊಗಳದೆ ಸುಮ್ಮನೆ ನೋಡಿದರೆ ಇನ್ನೂ ಹೆದರುತ್ತಿದ್ದ. ಇಂಥ ಧೀರನನ್ನು ಚಳಿಸೀಮೆಯ ಕೊಯಾಯ್ಕೆ ಊರಿನ ಆ ಬೀದಿಯವರು ನೆರೆಹೊರೆ ಸಂಘದ ಅಧ್ಯಕ್ಷನನ್ನಾಗಿ ಮಾಡಿದ್ದರು (ಬೇರೆ ಯಾರೂ ಒಪ್ಪಲಿಲ್ಲ ಎಂಬುದು ಬೇರೆ ಮಾತು). ಪೀಠಾರೋಹಣದ ನಂತರ ಅವನು ಮಾಡಿದ ಘನಕಾರ್ಯ ಒಂದೇ. ಚಳಿಗಾಲದಲ್ಲಿ ಊರ ತುಂಬ ಹೊಗೆ ಕವಿದು ಸೌದೆ ಒಲೆಗೆ ನಿರ್ಬಂಧ ಬಿದ್ದ ದಿನ, ಒಲೆ ಹಚ್ಚಿದವರ ಮನೆಯೆದುರು ನಿಂತು ಚಿಮಣಿಗೆ ಬೆರಳು ತೋರಿಸಿ ಛೀಮಾರಿ ಹಾಕುವುದು.

ಆ ವರ್ಷದ ಮೊದಲ ಹಿಮ ಬಿದ್ದ ದಿನ, ಹೊತ್ತಿಳಿಯುವ ವೇಳೆಗೆ ರೇಡಿಯೊ, "ಇಂದು ಸೌದೆ ಒಲೆಗೆ ನಿರ್ಬಂಧ..." ಎಂದಿತು. ಫರ್ಮಿನ್‌ನ ಎದೆ ಧಸಕ್ಕೆಂದಿತು. ಮುಂದಿನ ಮಾತು ಕೇಳುವ ಧೈರ್ಯವಿಲ್ಲದೆ ರೇಡಿಯೊದ ಕಿವಿ ಹಿಂಡಿಬಿಟ್ಟ. ಅವನದೇ ಅಡುಗೆಮನೆಯಲ್ಲಿ ಕಬ್ಬಿಣದ ಒಲೆ ಧಗಧಗ ಉರಿಯುತ್ತಿತ್ತು!

ಉರಿ ಹಾಕಿದವಳು ಅತ್ತೆ, ದೋನ್ಯಾ ಕ್ಲೊರಿಂಡಾ. ಬೇಸಿಗೆ ರಜೆಯಲ್ಲಿ ಎಲ್ಲರೂ ಬ್ರೆಜಿಲ್‌ನ ಮಾಸೆಯೊ ಕಡಲತೀರಕ್ಕೆ ಹೋಗಿ ಬಂದ ಮೇಲೆ ಆಕೆಗೆ ಸ್ವಂತ ಊರೇ ಬೇಡವಾಗಿತ್ತು. ಹಿಮ ಕಂಡದ್ದೇ ತಡ, ಒಲೆಗೆ ಸೌದೆ ತುರುಕಿ, ಹೂವಿನ ನಿಲುವಂಗಿ ತೊಟ್ಟು, ಅಳಿಯನಿಗೂ ಮಗಳಿಗೂ ಕಡಲತೀರದ ತುಂಡುಬಟ್ಟೆ ಹಾಕಿಸಿ, "ಇದೇ ಮಾಸೆಯೊ" ಎಂದು ಘೋಷಿಸಿದ್ದಳು.

"ನೊಯೆಮಿ, ಒಲೆ ಆರಿಸಬೇಕು ಕಣೇ, ನಿರ್ಬಂಧವಂತೆ" ಎಂದು ಫರ್ಮಿನ್ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

"ಅಮ್ಮನಿಗೆ ನೀನೇ ಹೇಳು ಮುದುಕಾ. ನನಗಿನ್ನೂ ಬದುಕೋ ಆಸೆಯಿದೆ." (ಆ ಸೀಮೆಯ ಹೆಂಡತಿಯರು ಗಂಡನನ್ನು ಮುದ್ದಿಗೆ ಕರೆಯುವುದೇ 'ಮುದುಕ' ಎಂದು.)

"ಏನದು ಗುಸುಗುಸು?" ಎಂದಳು ಅತ್ತೆ. "ಅಳಿಯಪ್ಪಾ, ನೆನಪಿದ್ಯಾ? ಮಾಸೆಯೊದಲ್ಲಿ ನೀನು ಮೊಣಕಾಲುದ್ದ ನೀರಲ್ಲಿ ನಿಂತು 'ಮುಳುಗಿದೆ, ಮುಳುಗಿದೆ' ಅಂತ ಬಾಯಿ ಬಡ್ಕೊಂಡಿದ್ದೆ."

"ಅಲೆ ದೊಡ್ಡದಿತ್ತು ಅತ್ತೆ."

"ಎಲ್ಲಿಯ ಅಲೆ? ಪಕ್ಕದಲ್ಲಿ ಒಂದು ಕೂಸು ಕಾಲು ಬಡೀತು, ಅಷ್ಟೇ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಫರ್ಮಿನ್ ಕಿಟಕಿಯಲ್ಲಿ ಇಣುಕಿ ನೋಡಿದ. ಹೊಗೆ ತಪಾಸಣೆಯವಳು! ಅವನ ಜೀವ ಬಾಯಿಗೆ ಬಂತು. ಅಧ್ಯಕ್ಷನೇ ಸಿಕ್ಕಿಬಿದ್ದ ಎಂದು ನಾಳೆ ಬೀದಿಯೆಲ್ಲ ಆಡಿಕೊಂಡು ನಗುತ್ತದೆ, ಬೈಸಿಕೊಂಡವರೆಲ್ಲ ಬಡ್ಡಿ ಸಮೇತ ಹಿಂದಿರುಗಿಸುತ್ತಾರೆ.

"ಎಲ್ಲರೂ ಕೋಟು ಹಾಕ್ಕೊಳ್ಳಿ! ಚಳಿಗೆ ಸಾಯ್ತಿರೋರ ಥರ ನಡುಗ್ತಾ ಕೂತ್ಕೊಳ್ಳಿ!" ಎಂದು ನೊಯೆಮಿ ಅಪ್ಪಣೆ ಮಾಡಿದಳು.

ತಪಾಸಣೆಯವಳು ಒಳಗೆ ಬಂದಾಗ ಮೂವರೂ ಕುರಿಯುಣ್ಣೆಯ ಕೋಟಿನೊಳಗೆ ಹಲ್ಲು ಕಟಕಟಿಸುತ್ತ ಕೂತಿದ್ದರು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ನಮಸ್ಕಾರ ದೋನ್ ಫರ್ಮಿನ್, ನಾನು ಬಂದಿದ್ದು..."

"ಹಚ್ಚಿಲ್ಲ ಸೆನ್ಯೊರಿಟಾ! ಒಲೆ ಹಚ್ಚೇ ಇಲ್ಲ!"

ಆಕೆ ಒಲೆಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಮನೆಗೆ ಬಂದವರು ಕೂತರೆ ಆ ಸೀಮೆಯವರ ಕೈ ತಾನಾಗಿ ಮಾಟೆ ಎಲೆಯ ಕಷಾಯ ಹೀರುವ ಸೋರೆಬುರುಡೆಗೆ ಹೋಗುತ್ತದೆ. ಫರ್ಮಿನ್‌ನ ಕೈಯೂ ಹೋಯಿತು. 'ಹಚ್ಚದ' ಒಲೆಯ ಮೇಲೆ ಮುಚ್ಚಳ ಕುಣಿಸುತ್ತಿದ್ದ ಕೆಟಲ್ ಎತ್ತಿ, ಬುರುಡೆಗೆ ಕುದಿನೀರು ಸುರಿದು, ನಗುನಗುತ್ತ ಕೊಟ್ಟ. ಕೊಟ್ಟ ಮೇಲೆ ತಾನು ಮಾಡಿದ್ದೇನೆಂದು ಹೊಳೆದು ಅವನ ಮುಖ ಬಿಳಿಚಿಕೊಂಡಿತು.

ಆಕೆ ಹೀರಿ, ಬುರುಡೆ ಹಿಂದಕ್ಕೆ ಕೊಟ್ಟಳು. 'ಧನ್ಯವಾದ' ಎನ್ನಲಿಲ್ಲ. ಎನ್ನದಿದ್ದರೆ ಇನ್ನೂ ಬೇಕು ಎಂದರ್ಥ. ಮತ್ತೆ ತುಂಬಿದ. ಮತ್ತೆ ಹೀರಿದಳು. ಗೋಡೆಯ ಮೇಲಿನ ಮಾಸೆಯೊ ಫೋಟೊ ನೋಡುತ್ತ, "ಒಳ್ಳೇ ಬಿಸಿಲು ಅಲ್ವಾ ಅಲ್ಲಿ?" ಎಂದಳು. "ಈ ಕೋಣೆಯಷ್ಟೇ" ಎಂದುಬಿಟ್ಟಳು ಅತ್ತೆ! ನೊಯೆಮಿ ಮೇಜಿನ ಕೆಳಗೆ ಒದ್ದಳು. ಏಟು ಬಿದ್ದದ್ದು ಫರ್ಮಿನ್‌ಗೆ.

ಅವನು ಕಾಲು ಉಜ್ಜಿಕೊಂಡ. ಕೊಲ್ಲುವ ಮುಂಚೆ ಬೆಕ್ಕು ಇಲಿಯನ್ನು ಆಡಿಸುತ್ತದಲ್ಲ, ಇವಳೂ ಹಾಗೇ ಆಡಿಸುತ್ತಿದ್ದಾಳೆ ಎಂದುಕೊಂಡ. ಇನ್ನು ತಡೆಯಲಾಗಲಿಲ್ಲ.

"ತಪ್ಪಾಯ್ತು! ಒಲೆ ಉರೀತಿದೆ! ಬೀದಿಯೋರಿಗೆ ಮಾತ್ರ ಹೇಳಬೇಡಿ ತಾಯಿ!" ಎಂದು ಕೂಗಿ, ಒಲೆಯ ಬಾಗಿಲು ತೆಗೆದು ಕೆಟಲ್ಲಿನ ನೀರಷ್ಟನ್ನೂ ಒಳಗೆ ಸುರಿದ. ಭುಸ್ಸೆಂದು ಹಬೆ, ಬೂದಿ, ಮಸಿ ಎದ್ದು ನಾಲ್ವರ ಮುಖವೂ ಕಪ್ಪಾಯಿತು.

"ಅಯ್ಯೋ, ಯಾಕ್ರೀ ಆರಿಸಿದ್ರಿ?" ತಪಾಸಣೆಯವಳು ಕೆಮ್ಮುತ್ತ ಎದ್ದಳು. "ನಿರ್ಬಂಧ ಶುರುವಾಗೋದು ಸಂಜೆ ಆರಕ್ಕೆ. ಅದನ್ನು ಹೇಳೋಕೇ ಮನೆಮನೆ ತಿರುಗ್ತಿದ್ದೆ. ಇಲ್ಲಿ ಬೆಚ್ಚಗಿತ್ತಲ್ಲ, ಹಾಗೇ ಕೂತುಬಿಟ್ಟೆ."

ಫರ್ಮಿನ್‌ಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಈಗ ಮತ್ತೆ ಹಚ್ಚಬಹುದು!"

ಆಕೆ ಗಡಿಯಾರ ನೋಡಿಕೊಂಡಳು. "ಈಗ ಆಗಲ್ಲ, ಆರಾಗೋಯ್ತು. ಬೆಳಗಿನವರೆಗೂ ಹಚ್ಚೋ ಹಾಗಿಲ್ಲ. ಅಧ್ಯಕ್ಷರಿಗೆ ನಾನು ಹೇಳಬೇಕಾ?"

ಆಕೆ ಹೋದ ಮೇಲೆ ಒದ್ದೆ ಒಲೆಯಿಂದ ತಣ್ಣನೆಯ ಮಸಿವಾಸನೆ ಬರತೊಡಗಿತು. ಹೊರಗೆ ಹಿಮ ದಪ್ಪಗಾಗುತ್ತಿತ್ತು. ಅತ್ತೆ ಅಳಿಯನತ್ತ ಕೈ ಚಾಚಿ, "ನಿನ್ನ ಕೋಟೂ ಇಲ್ಲಿ ಕೊಡು" ಎಂದಳು. ಎದುರಾಡಲು ಧೈರ್ಯ ಸಾಲದೆ ಅವನು ಬಿಚ್ಚಿ ಕೊಟ್ಟು, ತುಂಡುಚಡ್ಡಿಯಲ್ಲಿ ಮೂಲೆ ಹಿಡಿದು ಗಡಗಡ ನಡುಗುತ್ತ ಕೂತ.

"ಯಾಕೆ ಮುದುಕಾ, ಇನ್ನೂ ಹೆದರಿಕೆನಾ? ಅವಳು ಹೋದಳಲ್ಲ" ಎಂದಳು ನೊಯೆಮಿ.

"ಹೆದರಿಕೆ ಅಲ್ಲ ಕಣೇ, ಚಳಿ" ಎಂದ ಫರ್ಮಿನ್. ಹುಟ್ಟಿದಾಗಿನಿಂದ ಅವನು ಹೆದರದೆ ನಡುಗಿದ್ದು ಅದೇ ಮೊದಲು.